ಕೂಸು ಹುಟ್ಟುವ ಮುನ್ನ ಕುಲಾವಿ: ಚಿಕಾಗೋ ಪೇಟೆಯ ಕಂದಾಯದ ಕಥೆ

ಚಿಕಾಗೋ ಅಂದರೆ ಕನ್ನಡದವರಿಗೆ ಥಟ್ಟನೆ ನೆನಪಾಗುವುದು ಸ್ವಾಮಿ ವಿವೇಕಾನಂದರು. 1893ರ ಸೆಪ್ಟೆಂಬರ್ 11ರಂದು ಅವರು ಮಾತಾಡಿದ ಕಟ್ಟಡ ಮಿಷಿಗನ್ ಅವೆನ್ಯೂ ಎಂಬ ರಾಜಬೀದಿಯಲ್ಲಿ ಇಂದಿಗೂ ನಿಂತಿದೆ. ಈಗ ಅದು ಊರಿನ ದೊಡ್ಡ ಕಲಾ ಸಂಗ್ರಹಾಲಯ.

ಆ ಕಟ್ಟಡದಿಂದ ಹೊರಬಂದು ಉತ್ತರಕ್ಕೆ ಒಂದು ರಸ್ತೆ ದಾಟಿದರೆ ಮಿಲೆನಿಯಂ ಪಾರ್ಕ್. ಇಪ್ಪತ್ತನಾಲ್ಕೂವರೆ ಎಕರೆಯ ತೋಟ, ಬಯಲು ರಂಗಮಂದಿರ, ಮಕ್ಕಳು ನೆನೆದು ಕುಣಿಯುವ ಕಾರಂಜಿ. ನಡುವೆ ಕನ್ನಡಿಯಂತೆ ಹೊಳೆಯುವ, ಅವರೆಕಾಳಿನ ಆಕಾರದ ಭಾರಿ ಉಕ್ಕಿನ ಶಿಲ್ಪ. ಮಾಡಿದವರು ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್. ಚಿಕಾಗೋಗೆ ಹೋದವರು ಆ ಅವರೆಕಾಳಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಊರಿಗೆ ವಾಪಸು ಬರುವುದಿಲ್ಲ.

ಈ ಜಾಗ ಮೊದಲು ಹೀಗಿರಲಿಲ್ಲ. ರೈಲು ಹಳಿ, ಕಾರು ನಿಲ್ಲಿಸುವ ಮೈದಾನ, ಧೂಳು. 1998ರಲ್ಲಿ ಮೇಯರ್ ರಿಚರ್ಡ್ ಎಂ. ಡೇಲಿ ಇಲ್ಲಿ ಪಾರ್ಕು ಮಾಡುತ್ತೇವೆ ಎಂದು ಸಾರಿದರು. ಖರ್ಚು 15 ಕೋಟಿ ಡಾಲರ್, 2000ಕ್ಕೆ ಕೆಲಸ ಖತಂ ಅಂದರು. ಮುಗಿದದ್ದು 2004ರ ಜುಲೈನಲ್ಲಿ. ಖರ್ಚು 47 ಕೋಟಿ ಡಾಲರ್ ದಾಟಿತ್ತು. ಇಂಥ ಲೆಕ್ಕ ಎಲ್ಲ ಊರಿನವರಿಗೂ ಗೊತ್ತಿರುವಂಥದ್ದೇ. ಅದಿರಲಿ.

ದುಡ್ಡು ಬಂದದ್ದು ಎಲ್ಲಿಂದ? ಸುಮಾರು ಅರ್ಧಕ್ಕೆ ಹತ್ತಿರದ ಪಾಲು ಧನಿಕರ ದೇಣಿಗೆ. ಅವರೆಕಾಳೂ ಅದರಲ್ಲೇ ಬಂತು. ಪಾರ್ಕಿನ ಕೆಳಗಿನ ಕಾರು ಗ್ಯಾರೇಜಿನ ಬಾಡಿಗೆ ನಂಬಿಸಿ ಎತ್ತಿದ ಸಾಲ 17 ಕೋಟಿ 50 ಲಕ್ಷ. ಇನ್ನೊಂದು 9 ಕೋಟಿ 50 ಲಕ್ಷ ಡಾಲರ್ ಮಾತ್ರ ಒಂದು ವಿಚಿತ್ರ ಥೈಲಿಯಿಂದ ಬಂತು. ಆ ಥೈಲಿಯ ಹೆಸರು ‘ಸೆಂಟ್ರಲ್ ಲೂಪ್ ಟಿಫ್’.

ಪೇಟೆಬೀದಿಗೆ ರಸ್ತೆ, ಚರಂಡಿ, ದೀಪ, ಪಾರ್ಕು ಮಾಡಿಸಲು ಹೊಸ ತೆರಿಗೆ ಹಾಕಬೇಕಿಲ್ಲ, ಬಜೆಟ್ಟಿನಲ್ಲಿ ಕಾಸು ಇಡಬೇಕಿಲ್ಲ, ಜನರ ಹತ್ತಿರ ಬೈಸಿಕೊಳ್ಳಬೇಕಿಲ್ಲ ಎನ್ನುವ ಮಾಯಾ ಥೈಲಿ ಇದು. ಅಮೆರಿಕದ ನೂರಾರು ಊರುಗಳ ಪುರಪಿತೃಗಳು ಇದಕ್ಕೆ ಮರುಳಾದದ್ದು ಇದೇ ಕಾರಣಕ್ಕೆ. ಮಾಯೆ ಎಂದಮೇಲೆ ಅದರ ಹಿಂದೆ ಒಂದು ಕೈಚಳಕ ಇರಲೇಬೇಕಲ್ಲ?

ಥೈಲಿ ತುಂಬುವ ಬಗೆ

ಟಿಫ್ ಅಂದರೆ ‘ಟ್ಯಾಕ್ಸ್ ಇಂಕ್ರಿಮೆಂಟ್ ಫೈನಾನ್ಸಿಂಗ್’. ನೌಕರಿಯಲ್ಲಿ ಇರುವವರಿಗೆ ಇಂಕ್ರಿಮೆಂಟು ಗೊತ್ತು. ಇಲ್ಲಿ ಇಂಕ್ರಿಮೆಂಟು ಸಿಗುವುದು ಬೀದಿಗೆ. ಒಂದು ಬೀದಿಯ ಕಂದಾಯ ಮುಂದೆ ಎಷ್ಟು ಏರುತ್ತದೋ ಆ ಏರಿಕೆಯ ಮೇಲೆ ನಿಂತ ಹಣಕಾಸು ಎಂದು ಅರ್ಥ.

ಲೆಕ್ಕ ರೂಪಾಯಿಯಲ್ಲೇ ನೋಡೋಣ. ಒಂದು ಹಳೇ ಪೇಟೆಬೀದಿ ಇದೆ ಅಂದುಕೊಳ್ಳಿ. ಅಲ್ಲಿನ ಅಂಗಡಿ ಮನೆಗಳಿಂದ ವರ್ಷಕ್ಕೆ ಒಟ್ಟು 10 ಲಕ್ಷ ಕಂದಾಯ ಬರುತ್ತಿದೆ. ನಗರಸಭೆ ಆ ಬೀದಿಯ ಸುತ್ತ ಒಂದು ಗೆರೆ ಎಳೆದು ‘ಇದು ಟಿಫ್ ವಲಯ’ ಎಂದು ಠರಾವು ಮಾಡುತ್ತದೆ. ಆ ದಿನದ 10 ಲಕ್ಷ ಅಲ್ಲಿಗೇ ಹೆಪ್ಪುಗಟ್ಟಿತು. ಮುಂದಿನ 23 ವರ್ಷ, ಆ ಬೀದಿಯಿಂದ ಬರುವ ಕಂದಾಯದಲ್ಲಿ ಮೊದಲ 10 ಲಕ್ಷ ಮಾತ್ರ ಎಂದಿನಂತೆ ಎಲ್ಲ ಇಲಾಖೆಗಳಿಗೆ ಹಂಚಿಕೆ. ಹತ್ತು ವರ್ಷದಲ್ಲಿ ಬೆಲೆ ಏರಿ ಕಂದಾಯ 30 ಲಕ್ಷ ಆಯಿತು ಅನ್ನಿ. ಮೇಲಿನ 20 ಲಕ್ಷ ಬೇರೆ ಯಾರಿಗೂ ಇಲ್ಲ, ಸೀದಾ ಟಿಫ್ ಥೈಲಿಗೆ. ಅದನ್ನು ಅದೇ ಬೀದಿಯ ಉದ್ಧಾರಕ್ಕೆ ಖರ್ಚು ಮಾಡಬೇಕು.

ಆದರೆ ಆ 20 ಲಕ್ಷ ಬರುವುದು ನಾಳೆ. ರಸ್ತೆ ಆಗಬೇಕಾದದ್ದು ಇವತ್ತು. ಹಾಗಾಗಿ ನಾಳೆಯ ಏರಿಕೆಯನ್ನೇ ಅಡವಿಟ್ಟು ಬಾಂಡು ಮಾರಿ ಇವತ್ತೇ ಸಾಲ ಎತ್ತುವುದುಂಟು. ರಸ್ತೆ ಚೆನ್ನಾದರೆ ವ್ಯಾಪಾರ ಬರುತ್ತದೆ, ವ್ಯಾಪಾರ ಬಂದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಕಂದಾಯ, ಆ ಕಂದಾಯದಲ್ಲಿ ಸಾಲ ಚುಕ್ತಾ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಕೂಸು ಹುಟ್ಟಿದರೆ ಕುಲಾವಿ ಚೆಂದವೇ. ಹುಟ್ಟದಿದ್ದರೆ ದರ್ಜಿಯ ಬಾಕಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಮಾತು. ಕರ್ನಾಟಕದ ಕಂದಾಯ ರಸೀದಿ ಬಿಡಿಸಿ ನೋಡಿದರೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಪುನರ್ವಸತಿ ಅಂತ ಬೇರೆ ಬೇರೆ ಸೆಸ್ಸುಗಳು ಇರುತ್ತವೆ. ಕಟ್ಟುವುದು ಒಂದೇ ರಸೀದಿಗೆ, ತಿನ್ನುವ ಬಾಯಿ ನಾಲ್ಕಾರು. ಚಿಕಾಗೋದಲ್ಲಿಯೂ ಹಾಗೇ. ಒಂದೇ ಆಸ್ತಿ ತೆರಿಗೆ ಬಿಲ್ಲು. ಅದರಲ್ಲಿ ನಗರಾಡಳಿತ, ಕೌಂಟಿ, ಪಾರ್ಕುಗಳ ಮಂಡಳಿ, ಕೊಳಚೆ ನೀರಿನ ಮಂಡಳಿ, ಸಿಟಿ ಕಾಲೇಜು, ಎಲ್ಲಕ್ಕಿಂತ ದೊಡ್ಡದಾಗಿ ಸರ್ಕಾರಿ ಶಾಲಾ ಮಂಡಳಿ. ಬಿಲ್ಲಿನ ಅರ್ಧಕ್ಕೂ ಹೆಚ್ಚು ಪಾಲು ಶಾಲೆಗಳದ್ದೇ.

ಅಂದಮೇಲೆ ಟಿಫ್ ಥೈಲಿಗೆ ಬೀಳುವ ಪ್ರತಿ ನೂರು ಡಾಲರಿನಲ್ಲಿ ಐವತ್ತಕ್ಕೂ ಹೆಚ್ಚು, ಗೆರೆ ಎಳೆಯದಿದ್ದರೆ ಮಕ್ಕಳ ಶಾಲೆಯ ಲೆಕ್ಕದಲ್ಲಿ ನಿಲ್ಲಬೇಕಾದ ಬಾಬತ್ತು. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಕಥೆ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ

ಈ ಉಪಾಯ ಚಿಕಾಗೋದವರದ್ದಲ್ಲ. ಹುಟ್ಟೂರು ಕ್ಯಾಲಿಫೋರ್ನಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನಗರಗಳ ನಡುಭಾಗ ಹಾಳು ಸುರಿಯತೊಡಗಿತ್ತು. 1949ರಲ್ಲಿ ಫೆಡರಲ್ ಸರ್ಕಾರ ಹಳೇ ಕೇರಿಗಳನ್ನು ಕೆಡವಿ ಹೊಸದು ಕಟ್ಟಲು ನೆರವು ಘೋಷಿಸಿತು. ಷರತ್ತು ಏನಪ್ಪಾ ಅಂದರೆ ಮೂರರಲ್ಲಿ ಎರಡು ಪಾಲು ದಿಲ್ಲಿಯವರು ಕೊಟ್ಟ ಹಾಗೆ ವಾಷಿಂಗ್ಟನ್ನಿನವರು ಕೊಡುತ್ತಾರೆ, ಉಳಿದ ಒಂದು ಪಾಲು ಊರಿನವರೇ ಹೊಂದಿಸಬೇಕು. ಆ ಒಂದು ಪಾಲಿಗೆ ಕೈಯಲ್ಲಿ ಕಾಸಿಲ್ಲ. ಆಗ ಹೊಳೆದದ್ದೇ ನಾಳೆಯ ಕಂದಾಯದ ಉಪಾಯ. 1952ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಇದಕ್ಕೆ ಒಪ್ಪಿಗೆ ಕೊಟ್ಟರು.

1970ರ ದಶಕದಲ್ಲಿ ಫೆಡರಲ್ ನೆರವು ಸೊರಗಿತು. ಒಂದು ಪಾಲು ಹೊಂದಿಸಲು ಹುಟ್ಟಿದ ಉಪಾಯ ಈಗ ಮೂರೂ ಪಾಲಿಗೆ ಆಧಾರವಾಯಿತು. ಒಂದಾದ ಮೇಲೆ ಒಂದು ರಾಜ್ಯ ಕಾನೂನು ಮಾಡಿಕೊಂಡಿತು. ಈಗ ಅಮೆರಿಕದ 50 ರಾಜ್ಯಗಳಲ್ಲಿ ಅರಿಜೋನಾ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಟಿಫ್ ಕಾನೂನು ಇದೆ. ಚಿಕಾಗೋ ಇರುವ ಇಲಿನಾಯ್ ರಾಜ್ಯ ಕಾನೂನು ಮಾಡಿದ್ದು 1977ರಲ್ಲಿ.

ಕಾನೂನು ಕಾಗದದ ಮೇಲೆ ಬಿಗಿಯಾಗಿಯೇ ಇತ್ತು. ಎಲ್ಲೆಂದರಲ್ಲಿ ಗೆರೆ ಎಳೆಯುವಂತಿಲ್ಲ. ಜಾಗ ಪಾಳು ಬಿದ್ದಿರಬೇಕು, ಇಲ್ಲವೇ ಪಾಳು ಬೀಳುವ ಹಾದಿಯಲ್ಲಿರಬೇಕು. ಪಾಳು ಬೀಳುವ ಹಾದಿ ಎಂದರೆ ಕನಿಷ್ಠ ಅರ್ಧದಷ್ಟು ಕಟ್ಟಡಗಳಿಗೆ 35 ವರ್ಷ ದಾಟಿರಬೇಕು, ಜೊತೆಗೆ ಇನ್ನಷ್ಟು ಕುಂದುಕೊರತೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಟಿಫ್ ಹಣ ಇಲ್ಲದೆ ಹೋದರೆ ಈ ಜಾಗ ಉದ್ಧಾರವಾಗುವುದೇ ಇಲ್ಲ ಎಂದು ನಗರಸಭೆ ಪ್ರಮಾಣ ಮಾಡಿ ಹೇಳಬೇಕು.

35 ವರ್ಷ ದಾಟಿದ ಕಟ್ಟಡ ಯಾವ ಊರಿನ ಪೇಟೆಯಲ್ಲಿ ಇಲ್ಲ? ಬಾಗಿಲಿಗೆ ಬೀಗ ಇತ್ತು, ಕಿಟಕಿ ಮಾತ್ರ ತೆರೆದೇ ಇತ್ತು.

ಸ್ಟೇಟ್ ಸ್ಟ್ರೀಟಿನ ಕಷ್ಟಕಾಲ

ಹಾಗಂತ ಚಿಕಾಗೋ ಪೇಟೆಗೆ ಕಷ್ಟವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಊರಿನ ನಡುಪೇಟೆಗೆ ಅಲ್ಲಿ ‘ಲೂಪ್’ ಎನ್ನುತ್ತಾರೆ. ಮೇಲುಗಂಬದ ರೈಲು ಸುತ್ತು ಹಾಕಿಕೊಂಡು ಹೋಗುವ ಜಾಗ. ಅದರ ಬೆನ್ನೆಲುಬು ಸ್ಟೇಟ್ ಸ್ಟ್ರೀಟ್. ಒಂದು ಕಾಲಕ್ಕೆ ದೊಡ್ಡ ದೊಡ್ಡ ಜವಳಿ ಅಂಗಡಿ, ದೀಪಗಳ ಚಿತ್ರಮಂದಿರ, ಜನಜಾತ್ರೆ. ಮೋಟಾರು ಬಂತು, ಹೆದ್ದಾರಿ ಬಂತು, ಅನುಕೂಲಸ್ಥರು ಹೊರವಲಯದ ಬಡಾವಣೆಗಳಿಗೆ ಗುಳೆ ಎದ್ದರು. ಅಂಗಡಿಗಳೂ ಅವರ ಹಿಂದೆಯೇ ಹೊರಟವು. 1979ರಲ್ಲಿ ನಗರಾಡಳಿತ ಸ್ಟೇಟ್ ಸ್ಟ್ರೀಟಿಗೆ ಕಾರು ಬರುವುದನ್ನೇ ನಿಲ್ಲಿಸಿ, ಬಸ್ಸು ಮತ್ತು ಪಾದಚಾರಿಗಳಿಗೆ ಮಾತ್ರ ಎಂದು ಮಾಡಿತು. ಜನ ಬರಲಿ ಎಂದು ಮಾಡಿದ್ದು, ಇದ್ದ ಜನವೂ ಕಡಿಮೆಯಾದರು. 1983ರಲ್ಲಿ ಸಿಯರ್ಸ್ ಎಂಬ ಹೆಸರಾಂತ ಅಂಗಡಿ ಆ ಬೀದಿಯ ಮಳಿಗೆಗೆ ಬೀಗ ಜಡಿಯಿತು. 1996ರಲ್ಲಿ ನಗರಾಡಳಿತ ತಪ್ಪು ಒಪ್ಪಿಕೊಂಡಂತೆ ರಸ್ತೆಯನ್ನು ಮತ್ತೆ ಕಾರುಗಳಿಗೆ ಬಿಟ್ಟುಕೊಟ್ಟಿತು.

1984ರಲ್ಲಿ ಲೂಪಿನ ಉತ್ತರ ಭಾಗಕ್ಕೆ ಚಿಕಾಗೋದ ಮೊಟ್ಟಮೊದಲ ಟಿಫ್ ಗೆರೆ ಎಳೆಯಲಾಯಿತು. ಆಗ ಮೇಯರ್ ಆಗಿದ್ದವರು ಹೆರಾಲ್ಡ್ ವಾಷಿಂಗ್ಟನ್, ಆ ಊರಿನ ಮೊದಲ ಕರಿಯ ಮೇಯರ್. 1997ರಲ್ಲಿ ಡೇಲಿ ಸಾಹೇಬರು ಆ ಗೆರೆಯನ್ನು ಹಿಗ್ಗಿಸಿ ‘ಸೆಂಟ್ರಲ್ ಲೂಪ್’ ಎಂದು ಹೆಸರಿಟ್ಟರು.

ಕೂಸು ಹುಟ್ಟಿತು, ಗುಂಡುಕಲ್ಲಿನಂಥ ಕೂಸು. ಹಳೇ ಚಿತ್ರಮಂದಿರಗಳು ನಾಟಕ ಮಂದಿರಗಳಾಗಿ ಬಣ್ಣ ಬಳಿದುಕೊಂಡವು. ಬಾಗಿಲು ಮುಚ್ಚಿದ್ದ ಓರಿಯಂಟಲ್ ಥಿಯೇಟರ್ 1998ರಲ್ಲಿ, ಪ್ಯಾಲೇಸ್ ಥಿಯೇಟರ್ 1999ರಲ್ಲಿ ಮತ್ತೆ ತೆರೆದವು. 2000ದಲ್ಲಿ ಗುಡ್‌ಮನ್ ಥಿಯೇಟರ್ ಹೊಸ ಕಟ್ಟಡಕ್ಕೆ ಬಂತು. ಹೋಟೆಲು, ಕಚೇರಿ, ವಿದ್ಯಾರ್ಥಿ ನಿಲಯ ಎದ್ದವು. ಸಂಜೆ ಆರಕ್ಕೆ ಬಿಕೋ ಎನ್ನುತ್ತಿದ್ದ ಬೀದಿಯಲ್ಲಿ ರಾತ್ರಿ ಹತ್ತಕ್ಕೂ ಜನ ಓಡಾಡತೊಡಗಿದರು. 2008ರ ಕೊನೆಗೆ ಅವಧಿ ಮುಗಿಯುವ ಹೊತ್ತಿಗೆ ಆ ಒಂದು ಗೆರೆಯೊಳಗಿಂದ ಥೈಲಿಗೆ ಬಿದ್ದ ಹಣ ನೂರು ಕೋಟಿ ಡಾಲರಿಗೆ ಹತ್ತಿರ.

ಇದು ಟಿಫ್ ಪರವಾದಿಗಳು ಎದೆ ತಟ್ಟಿ ಹೇಳುವ ಕಥೆ. ಹೇಳುವುದರಲ್ಲಿ ಸುಳ್ಳೇನಿಲ್ಲ. ಅವಧಿ ಮುಗಿದ ಮೇಲೆ ಏರಿದ ಕಂದಾಯವೆಲ್ಲ ಎಲ್ಲ ಮಂಡಳಿಗಳ ಲೆಕ್ಕಕ್ಕೆ ವಾಪಸು ಬಂತು ಎನ್ನುವುದೂ ನಿಜವೇ.

ಎದುರಿಗೇ ಖಾಲಿ ಸೈಟು

ಅದೇ ಸ್ಟೇಟ್ ಸ್ಟ್ರೀಟಿನ ನಡುವೆ, ಮಾರ್ಷಲ್ ಫೀಲ್ಡ್ ಎಂಬ ಹಳೇ ದೊಡ್ಡ ಅಂಗಡಿಯ ಎದುರಿಗೇ, ‘ಬ್ಲಾಕ್ 37’ ಎಂಬ ಒಂದು ಚೌಕ ಇದೆ. ಉತ್ತರ ಲೂಪಿನ ಉದ್ಧಾರ ಯೋಜನೆಯಲ್ಲಿ ಸೇರಿದ್ದ ಜಾಗ. ಹಳೇ ಕಟ್ಟಡಗಳನ್ನು 1989ರ ಆಸುಪಾಸು ನೆಲಸಮ ಮಾಡಿ, ಇಗೋ ಗಗನಚುಂಬಿ ಬಂತು ಎಂದರು. ಅಷ್ಟರಲ್ಲಿ ಕಚೇರಿ ಕಟ್ಟಡಗಳ ಮಾರುಕಟ್ಟೆ ಮಲಗಿತು. ಗಗನಚುಂಬಿ ಬರಲಿಲ್ಲ. ಬೇಸಿಗೆಯಲ್ಲಿ ಡೇರೆ ಹಾಕಿ ಮಕ್ಕಳಿಗೆ ಚಿತ್ರಕಲೆ ಶಿಬಿರ, ಚಳಿಗಾಲದಲ್ಲಿ ಮಂಜುಗಡ್ಡೆ ಹಾಸಿ ಜಾರಾಟ. ಮಕ್ಕಳಿಗೇನೋ ಖುಷಿ. ಆದರೆ ಊರಿನ ಅತಿ ಬೆಲೆಬಾಳುವ ಚೌಕವೊಂದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿದ್ದಿತ್ತು.

ಕೊನೆಗೆ ಅಲ್ಲಿ ಮಾಲು ಬಂತು, 2009ರಲ್ಲಿ. ಅದರ ನೆಲದಡಿ ಇನ್ನೊಂದು ಕಥೆ. ಎರಡು ವಿಮಾನ ನಿಲ್ದಾಣಗಳಿಗೂ ಅಲ್ಲಿಂದಲೇ ಎಕ್ಸ್‌ಪ್ರೆಸ್ ರೈಲು ಹೊರಡುವ ಮಹಾ ನಿಲ್ದಾಣ ಕಟ್ಟುತ್ತೇವೆ ಎಂದು ಅಗೆತ ಶುರುವಾಯಿತು. 20 ಕೋಟಿ ಡಾಲರಿಗೂ ಹೆಚ್ಚು ಹಣ ಮಣ್ಣಿನೊಳಗೆ ಹೋಯಿತು. 2008ರಲ್ಲಿ ಕೆಲಸ ನಿಂತಿತು. ರೈಲು ಕಾಣದ ಆ ನಿಲ್ದಾಣ ಮಾಲಿನ ಕೆಳಗೆ ಕಾಂಕ್ರೀಟ್ ಗವಿಯಾಗಿ ಉಳಿಯಿತು. ಮಾಲಿಗೆ ಬರುವ ಬಹುಪಾಲು ಗಿರಾಕಿಗಳಿಗೆ ತಮ್ಮ ಕಾಲಡಿ ಏನಿದೆ ಎಂದು ಗೊತ್ತೇ ಇಲ್ಲ.

ಒಂದೇ ಬೀದಿ, ಒಂದೇ ಉಪಾಯ. ಒಂದು ಕಡೆ ಜನ ತುಂಬಿದ ನಾಟಕ ಮಂದಿರ, ಇನ್ನೊಂದು ಕಡೆ ಖಾಲಿ ಗವಿ.

ಬಿಲ್ಲಿನಲ್ಲಿ ಕಾಣದ ಬಾಬತ್ತು

ಡೇಲಿ ಸಾಹೇಬರು 1989ರಿಂದ 2011ರವರೆಗೆ ಇಪ್ಪತ್ತೆರಡು ವರ್ಷ ಮೇಯರ್ ಆಗಿದ್ದರು. ಥೈಲಿಯ ರುಚಿ ಹತ್ತಿದ ಮೇಲೆ ಗೆರೆ ಎಳೆಯುವ ಕೈ ನಿಲ್ಲಲಿಲ್ಲ. ಟಿಫ್ ವಲಯಗಳ ಸಂಖ್ಯೆ 150 ದಾಟಿತು. ಪ್ರತಿ ವಲಯಕ್ಕೂ ಪ್ರತ್ಯೇಕ ಥೈಲಿ. ಈ ಹಣ ನಗರದ ಮಾಮೂಲು ಬಜೆಟ್ಟಿನಲ್ಲಿ ಸೇರುತ್ತಿರಲಿಲ್ಲ. ತೆರಿಗೆ ಬಿಲ್ಲಿನಲ್ಲಿ ಶಾಲೆಗೆ ಇಷ್ಟು, ಪಾರ್ಕಿಗೆ ಇಷ್ಟು ಎಂದು ಬರೆದಿರುತ್ತಿತ್ತು. ಟಿಫ್‌ಗೆ ಎಷ್ಟು ಹೋಯಿತು ಎನ್ನುವುದು ಬಹಳ ಕಾಲ ಅಲ್ಲಿ ಇರಲೇ ಇಲ್ಲ. ಕಟ್ಟಿದವನು ಶಾಲೆಗೆ ಕಟ್ಟಿದೆ ಅಂದುಕೊಂಡ. ಅದರಲ್ಲಿ ಒಂದಂಶ ಬೇರೆ ಹಾದಿ ಹಿಡಿದಿತ್ತು.

ಇದನ್ನು ಊರಿಗೆ ತಿಳಿಸಿದ್ದು ಯಾರು? ದೊಡ್ಡ ದೊಡ್ಡ ದಿನಪತ್ರಿಕೆಗಳಿಗಿಂತ ಮುಂಚೆ ಹಠ ಹಿಡಿದು ಬರೆದದ್ದು ‘ಚಿಕಾಗೋ ರೀಡರ್’ ಎಂಬ ಪುಕ್ಕಟೆ ವಾರಪತ್ರಿಕೆ. ಅದರ ಅಂಕಣಕಾರ ಬೆನ್ ಜೊರಾವ್‌ಸ್ಕಿ ವರ್ಷಗಟ್ಟಲೆ ಟಿಫ್ ಬೆನ್ನು ಬಿಡಲಿಲ್ಲ. ಇದು ಮೇಯರ್ ಕೈಯಲ್ಲಿರುವ ಗುಪ್ತ ಖಜಾನೆ ಎಂದು ಬರೆದರು. ಓದುಗರು ಆಕಳಿಸಿದರೂ ಬಿಡಲಿಲ್ಲ. 2007ರಲ್ಲಿ ಕೌಂಟಿಯ ಚುನಾಯಿತ ಸದಸ್ಯ ಮೈಕ್ ಕ್ವಿಗ್ಲೀ ಒಂದು ದೊಡ್ಡ ವರದಿ ತಂದರು. ಜನ ನೋಡುವ ಲೆಕ್ಕ ಒಂದು, ನೋಡದ ಲೆಕ್ಕ ಇನ್ನೊಂದು ಎಂಬುದೇ ಅದರ ತಿರುಳು. 2009ರಲ್ಲಿ ಮ್ಯಾನಿ ಫ್ಲೋರೆಸ್ ಮತ್ತು ಸ್ಕಾಟ್ ವಾಗೆಸ್ಪ್ಯಾಕ್ ಎಂಬ ಇಬ್ಬರು ನಗರಸಭಾ ಸದಸ್ಯರು ಟಿಫ್ ಕರಾರು ಪತ್ರಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು ಎಂಬ ಕಾನೂನು ಮಾಡಿಸಿದರು.

ಕಾಗದ ಹೊರಬಂದಾಗ ಕಂಡದ್ದೇನು? ಪಾಳು ಬಿದ್ದ ಕೇರಿಗಳ ಥೈಲಿ ತೆಳ್ಳಗೆ, ನಡುಪೇಟೆಯ ಥೈಲಿ ದಪ್ಪಗೆ. ಕಾರಣ ಸರಳ. ಬೆಲೆ ಏರುವ ಜಾಗದಲ್ಲಿ ತಾನೇ ಏರಿಕೆ ಸಿಗುವುದು? ಬಡ ಕೇರಿಯಲ್ಲಿ ಬೆಲೆ ಏರುವುದಿಲ್ಲ, ಥೈಲಿ ತುಂಬುವುದಿಲ್ಲ, ರಸ್ತೆ ಆಗುವುದಿಲ್ಲ. ಪಾಳು ಊರಿಗೆಂದು ಹುಟ್ಟಿದ ಮದ್ದು ಗಟ್ಟಿಮುಟ್ಟಾದವನ ಟಾನಿಕ್ಕಾಗಿತ್ತು.

2006ರಲ್ಲಿ ಬ್ಯಾಂಕುಗಳ ಬೀದಿಯಾದ ಲಾಸಾಲ್ ಸ್ಟ್ರೀಟಿಗೂ ಒಂದು ಗೆರೆ ಬಿತ್ತು. ಆ ಥೈಲಿಯಿಂದ ಜಗತ್ತಿನ ಅತಿ ದೊಡ್ಡ ವಾಯಿದೆ ವ್ಯಾಪಾರದ ಕಂಪನಿಗಳಲ್ಲಿ ಒಂದಾದ ಸಿಎಂಇ ಗ್ರೂಪಿಗೆ ಕಟ್ಟಡ ದುರಸ್ತಿಗೆಂದು ಒಂದೂವರೆ ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು. ಊರೆಲ್ಲ ಗಲಾಟೆ ಎದ್ದಿತು. 2012ರಲ್ಲಿ ಕಂಪನಿ ಆ ಹಣ ತನಗೆ ಬೇಡ ಅಂದಿತು.

ಕಟ್ಟುವವರು ಯಾರು?

ಟಿಫ್ ಪರ ಮಾತಾಡುವವರು ಯಾವಾಗಲೂ ಹೇಳುವ ಮಾತೊಂದಿದೆ: ‘ಇದು ಹೊಸ ತೆರಿಗೆ ಅಲ್ಲ. ಯಾರ ಜೇಬಿಗೂ ಕೈ ಹಾಕಿಲ್ಲ.’ ಕೇಳಲು ಇಂಪಾಗಿದೆ. ಲೆಕ್ಕ ಬಿಡಿಸಿದರೆ ಬೇರೆ ರಾಗ.

ಇಲಿನಾಯ್‌ನಲ್ಲಿ ಶಾಲಾ ಮಂಡಳಿ ‘ನಮಗೆ ಈ ವರ್ಷ ಇಷ್ಟು ಹಣ ಬೇಕು’ ಎಂದು ಮೊತ್ತ ಹೇಳುತ್ತದೆ. ಅದನ್ನು ಊರಿನ ಒಟ್ಟು ಆಸ್ತಿ ಮೌಲ್ಯದ ಮೇಲೆ ಹಂಚಿ ದರ ನಿಗದಿಯಾಗುತ್ತದೆ. ಟಿಫ್ ವಲಯದಲ್ಲಿ ಏರಿದ ಮೌಲ್ಯ ಈ ಹಂಚಿಕೆಗೆ ಸಿಗುವುದಿಲ್ಲ. ಊಟಕ್ಕೆ ಹತ್ತು ಜನ ಕೂತಿದ್ದಾರೆ, ಬಿಲ್ಲು ಎಲ್ಲರಿಗೂ ಸಮಪಾಲು. ಅದರಲ್ಲಿ ಇಬ್ಬರು ‘ನಮ್ಮ ಪಾಲು ನಮ್ಮ ಬೀದಿಯ ದೀಪಕ್ಕೆ’ ಎಂದು ಎದ್ದು ಹೋದರೆ ಉಳಿದ ಎಂಟು ಜನ ಪೂರ್ತಿ ಬಿಲ್ಲು ಕಟ್ಟಬೇಕು. ಬಿಲ್ಲು ಏರಿಲ್ಲ ನಿಜ. ತಲೆಗೆ ಬೀಳುವ ಪಾಲು ಏರಿತು. ಅದೂ ಆಗದಿದ್ದರೆ ಊಟದಲ್ಲೇ ಒಂದು ಪದಾರ್ಥ ಕಮ್ಮಿ ಮಾಡಬೇಕು. ಶಾಲೆಗಳು ವರ್ಷಕ್ಕೆ ಎಷ್ಟು ತೆರಿಗೆ ಏರಿಸಬಹುದು ಎಂಬುದಕ್ಕೆ ಕಾನೂನಿನ ಮಿತಿಯೂ ಇರುವುದರಿಂದ ಎರಡೂ ಆಯಿತು.

ಎದ್ದು ಹೋದ ಆ ಇಬ್ಬರಿಂದಲೇ ಊರು ಬೆಳೆಯಿತು, ದೀಪ ಹಾಕದಿದ್ದರೆ ಅವರ ಪಾಲು ಹುಟ್ಟುತ್ತಲೇ ಇರಲಿಲ್ಲ ಎಂದಾದರೆ ಯಾರಿಗೂ ನಷ್ಟವಿಲ್ಲ. ಇಡೀ ಟಿಫ್ ನಿಂತಿರುವುದು ಈ ಒಂದು ಮಾತಿನ ಮೇಲೆ. ಟಿಫ್ ಇಲ್ಲದಿದ್ದರೂ ಬೆಲೆ ಏರುತ್ತಿತ್ತು ಎಂದಾದರೆ ಅದು ಶಾಲೆಯ ದುಡ್ಡನ್ನೇ ಎತ್ತಿಕೊಂಡ ಹಾಗೆ. 1990ರ ದಶಕದಲ್ಲಿ ಅಮೆರಿಕದ ಎಷ್ಟೋ ನಗರಗಳ ನಡುಪೇಟೆಗೆ ಜನ ತಾವಾಗೇ ವಾಪಸು ಬಂದರು. ಚಿಕಾಗೋದ ಏರಿಕೆಯಲ್ಲಿ ಟಿಫ್ ತಂದದ್ದೆಷ್ಟು, ಕಾಲ ತಂದದ್ದೆಷ್ಟು ಎಂದು ತಕ್ಕಡಿಯಲ್ಲಿ ತೂಗಿ ಹೇಳುವವರು ಯಾರು?

ತೂಗಲು ಪ್ರಯತ್ನಿಸಿದವರು ಇದ್ದಾರೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ ಚಿಕಾಗೋ ಸುತ್ತಮುತ್ತಲ ಊರುಗಳ ಲೆಕ್ಕ ತೆಗೆದು 2000ದಲ್ಲಿ ಪ್ರಕಟಿಸಿದರು. ಟಿಫ್ ಮಾಡಿಕೊಂಡ ಊರುಗಳ ಒಟ್ಟು ಬೆಳವಣಿಗೆ, ಮಾಡಿಕೊಳ್ಳದ ಊರುಗಳಿಗಿಂತ ನಿಧಾನ ಎಂದು ಅದರಲ್ಲಿ ಕಂಡುಬಂತು. ಗೆರೆಯೊಳಗಿನ ಬೀದಿ ಬೆಳೆಯಿತು, ಪಕ್ಕದ ಬೀದಿಯ ವ್ಯಾಪಾರ ಅಲ್ಲಿಗೆ ಸರಿದು ಹೋದಂತಾಯಿತು. ಮೆರಿಮನ್ 2018ರಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಚ್ಚಿನ ಕಡೆ ಟಿಫ್ ತಾನು ಹೇಳಿದ ಕೆಲಸ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ.

ಐವತ್ತು ಶಾಲೆಗಳ ಬೀಗ

2013ರ ಮೇ ತಿಂಗಳಲ್ಲಿ ಈ ಲೆಕ್ಕಾಚಾರ ಬೀದಿಗೆ ಬಂತು. ಆಗ ಮೇಯರ್ ರಾಮ್ ಇಮ್ಯಾನುಯೆಲ್. ಹಣವಿಲ್ಲ, ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂಬ ಕಾರಣ ಕೊಟ್ಟು ಚಿಕಾಗೋ ಶಾಲಾ ಮಂಡಳಿ ಒಂದೇ ಸಲಕ್ಕೆ 50 ಸರ್ಕಾರಿ ಶಾಲೆಗಳನ್ನು ಮುಚ್ಚುವ ತೀರ್ಮಾನ ಮಾಡಿತು. ಹೆಚ್ಚಿನವು ಬಡವರ, ಕರಿಯರ ಕೇರಿಗಳಲ್ಲಿದ್ದ ಶಾಲೆಗಳು. ಅದೇ ತಿಂಗಳು ಊರಿನ ಸಮ್ಮೇಳನ ಭವನದ ಪಕ್ಕದಲ್ಲಿ ಬಾಸ್ಕೆಟ್‌ಬಾಲ್ ಕ್ರೀಡಾಂಗಣ ಮತ್ತು ಹೋಟೆಲಿನ ಯೋಜನೆ ಪ್ರಕಟವಾಯಿತು. ಅದಕ್ಕೆ ಟಿಫ್ ಥೈಲಿಯಿಂದ 5 ಕೋಟಿ 50 ಲಕ್ಷ ಡಾಲರ್.

ತಾಯಂದಿರು, ಮೇಷ್ಟರುಗಳು ಬೀದಿಗಿಳಿದರು. ಶಾಲೆಗೆ ಕಾಸಿಲ್ಲ, ಚೆಂಡಾಟಕ್ಕೆ ಇದೆಯಾ ಎಂಬ ಪ್ರಶ್ನೆಗೆ ಪುರಪಿತೃಗಳ ಬಳಿ ಕಾನೂನಿನ ಉತ್ತರ ಇತ್ತು: ಟಿಫ್ ಹಣವನ್ನು ಮೇಷ್ಟರ ಸಂಬಳಕ್ಕೆ ಕೊಡುವಂತಿಲ್ಲ, ಕಟ್ಟಡ ರಸ್ತೆಗೆ ಮಾತ್ರ. ಅದೂ ನಿಜ. ಟಿಫ್ ದುಡ್ಡಿನಲ್ಲಿ ಹೊಸ ಶಾಲಾ ಕಟ್ಟಡಗಳನ್ನು ಕಟ್ಟಿಸಿದ್ದೂ ಉಂಟು. ಆದರೆ ಬೀಗ ಬಿದ್ದ ಶಾಲೆಯ ಮುಂದೆ ಮಗುವಿನ ಕೈ ಹಿಡಿದು ನಿಂತವಳಿಗೆ ಕಲಮು ಉಪಕಲಮುಗಳ ವಿವರಣೆ ರುಚಿಸುವುದಿಲ್ಲ. ಬೇಕಾದ ಜಾಗಕ್ಕೆ ಸಂಬಳ ಕೊಡಲಾಗದ, ಬೇಡದ ಜಾಗಕ್ಕೆ ಕಟ್ಟಡ ಕೊಡಬಲ್ಲ ಹಣ ಏನು ಹಣ ಎಂದು ಜನ ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ತಾಯಿ ರಾಜ್ಯ ಇದಕ್ಕೂ ಮೊದಲೇ ಕೈ ತೊಳೆದುಕೊಂಡಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳು ರಾಜ್ಯದ ಒಟ್ಟು ಆಸ್ತಿ ತೆರಿಗೆಯಲ್ಲಿ ನೂರಕ್ಕೆ ಹನ್ನೆರಡು ಪಾಲು ಎಳೆದುಕೊಳ್ಳುತ್ತಿದ್ದವು. ಶಾಲೆಗಳಿಗೆ ತಪ್ಪಿದ್ದನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ತುಂಬಿಕೊಡಬೇಕಿತ್ತು. 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಆ ಸಂಸ್ಥೆಗಳಿಗೇ ಮಂಗಳ ಹಾಡಲು ಹೊರಟರು. ಈ ಬ್ರೌನ್ ಸಾಹೇಬರು ಹಿಂದೆ ಓಕ್ಲೆಂಡ್ ನಗರದ ಮೇಯರ್ ಆಗಿದ್ದಾಗ ಇದೇ ಹಣದಿಂದ ಪೇಟೆ ಕಟ್ಟಿಸಿದವರು! 2011ರ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಸ್ತು ಎಂದಿತು. 2012ರ ಫೆಬ್ರವರಿ 1ಕ್ಕೆ ಅಷ್ಟೂ ಸಂಸ್ಥೆಗಳ ಬಾಗಿಲು ಬಂದ್. ಅರವತ್ತು ವರ್ಷದ ಕೂಸು ಹುಟ್ಟಿದ ಮನೆಯಲ್ಲೇ ಕಣ್ಣು ಮುಚ್ಚಿತು.

ಬುದ್ಧಿ ಕಲಿತ ಲೆಕ್ಕ

ಚಿಕಾಗೋ ಬಾಗಿಲು ಹಾಕಲಿಲ್ಲ. ತಪ್ಪೂ ಮುಂದುವರಿಯಿತು, ತಿದ್ದುಪಡಿಯೂ ನಡೆಯಿತು.

2019ರ ಏಪ್ರಿಲ್ 10ರಂದು, ಹೊಸ ಮೇಯರ್ ಆಯ್ಕೆಯಾಗಿ ಇನ್ನೂ ಅಧಿಕಾರ ಹಿಡಿಯದ ಆ ಸಂದಿಯಲ್ಲಿ, ನಗರಸಭೆ ಎರಡು ಭಾರಿ ಖಾಸಗಿ ಬಡಾವಣೆಗಳ ರಸ್ತೆ, ಸೇತುವೆ, ಕಾಮಗಾರಿಗೆಂದು ಬಡ್ಡಿ ಸೇರಿ 240 ಕೋಟಿ ಡಾಲರ್‌ವರೆಗಿನ ಟಿಫ್‌ಗೆ ಮುದ್ರೆ ಒತ್ತಿತು. ಅದರಲ್ಲಿ ದೊಡ್ಡದು ಲಿಂಕನ್ ಯಾರ್ಡ್ಸ್. ಚಿಕಾಗೋದ ಬೆಳೆಯುವ ಭಾಗದಲ್ಲೇ ಇದ್ದ ಜಾಗ ಅದು. ಕೊರೋನಾ ಬಂತು, ಬಡ್ಡಿ ಏರಿತು, ಕೆಲಸ ಕುಂಟಿತು. 2025ರಲ್ಲಿ ಅದರ ಉತ್ತರ ಭಾಗದ ಜಮೀನು ಸಾಲ ಕೊಟ್ಟ ಬ್ಯಾಂಕಿನ ಪಾಲಾಯಿತು. ಒಪ್ಪಂದದಲ್ಲಿ ಮುಂಚೂಣಿ ಖರ್ಚು ಬಿಲ್ಡರ್‌ದೇ, ಏರಿಕೆ ಬಂದ ಮೇಲೆ ವಾಪಸು ಎಂದಿದ್ದರಿಂದ ಊರು ಬಚಾವಾಯಿತು.

ತಿದ್ದುಪಡಿಯ ಕಥೆ ರೈಲಿನದ್ದು. 2016ರಲ್ಲಿ ಇಲಿನಾಯ್ ರಾಜ್ಯ ರೈಲು ಕಾಮಗಾರಿಗೆಂದೇ ಬೇರೆ ಬಗೆಯ ಟಿಫ್ ಕಾನೂನು ತಂದಿತು. ಇದರಲ್ಲಿ ಏರಿಕೆಯ ಹಣದಲ್ಲಿ ಶಾಲೆಗಳ ಪಾಲು ಮೊದಲು ಎತ್ತಿಟ್ಟುಬಿಡಬೇಕು. ಉಳಿದದ್ದರಲ್ಲಿ ನೂರಕ್ಕೆ ಎಂಬತ್ತು ರೈಲಿಗೆ, ಇಪ್ಪತ್ತು ಇತರ ಮಂಡಳಿಗಳಿಗೆ. ಹೀಗೆ ರೆಡ್ ಮತ್ತು ಪರ್ಪಲ್ ಮಾರ್ಗದ ನೂರು ವರ್ಷದ ಹಳೇ ಕಂಬ ಹಳಿಗಳನ್ನು ಬದಲಿಸಲು 62 ಕೋಟಿ 20 ಲಕ್ಷ ಡಾಲರ್ ಹೊಂದಿಸಲಾಯಿತು. ಊರಿನ ಪಾಲು ತೋರಿಸಿದ್ದರಿಂದ ನೂರು ಕೋಟಿ ಡಾಲರಿಗೂ ಹೆಚ್ಚಿನ ಫೆಡರಲ್ ಅನುದಾನಕ್ಕೂ ದಾರಿಯಾಯಿತು. 1952ರ ಮೂಲ ಉದ್ದೇಶಕ್ಕೆ ಸುತ್ತಿ ಬಂದ ಹಾಗಾಯಿತು.

2022ರ ಡಿಸೆಂಬರಿನಲ್ಲಿ ಇನ್ನೊಂದು ಠರಾವು. ದಕ್ಷಿಣದ ತುದಿಯ ಬಡ ಕೇರಿಗಳಿಗೆ ರೆಡ್ ಲೈನ್ ರೈಲನ್ನು ಐದೂವರೆ ಮೈಲಿ ಮುಂದುವರಿಸಲು 95 ಕೋಟಿ 90 ಲಕ್ಷ ಡಾಲರ್. ಥೈಲಿ ತುಂಬುವುದು ನಡುಪೇಟೆ ಮತ್ತು ಅದಕ್ಕೆ ಅಂಟಿದ ಬೀದಿಗಳ ಏರಿಕೆಯಿಂದ, ರೈಲು ಹೋಗುವುದು ಏರಿಕೆ ಕಾಣದ ಕೇರಿಗೆ. ಪೇಟೆಯ ಇಂಕ್ರಿಮೆಂಟು ಊರ ಹೊರಗಿನವರ ಪಾಲಿಗೂ ಬಂತು. ಅಲ್ಲಿನವರು ಈ ರೈಲಿಗಾಗಿ ದಶಕಗಟ್ಟಲೆ ಕಾದವರು.

2023ರಲ್ಲಿ ಮೇಯರ್ ಆದ ಬ್ರ್ಯಾಂಡನ್ ಜಾನ್ಸನ್ ಹಿಂದೆ ಶಿಕ್ಷಕರ ಸಂಘದಲ್ಲಿ ಕೆಲಸ ಮಾಡಿದವರು. 2024ರಲ್ಲಿ ಅವರ ಆಡಳಿತ ಹಳೇ ಟಿಫ್‌ಗಳನ್ನು ಅವಧಿ ಮುಗಿದಂತೆ ಮುಗಿಯಲು ಬಿಟ್ಟು, 125 ಕೋಟಿ ಡಾಲರಿನ ಬಾಂಡು ಎತ್ತಿ ಊರಿನ ಯಾವ ಭಾಗದಲ್ಲಾದರೂ ಖರ್ಚು ಮಾಡುವ ದಾರಿ ಹಿಡಿಯಿತು. 2025ರ ಬಜೆಟ್ಟಿಗೆ ಟಿಫ್ ಥೈಲಿಗಳಲ್ಲಿ ಮಿಕ್ಕಿದ್ದ 57 ಕೋಟಿ ಡಾಲರನ್ನು ಬಿಚ್ಚಿ ಹಂಚಲಾಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೋದದ್ದು ಶಾಲೆಗಳಿಗೆ.

ಇತ್ತ ಕಡೆಗೂ ಬಂದಿದೆ

ಇದೆಲ್ಲ ಸಮುದ್ರದಾಚೆಯ ಕಥೆ ಅಂದುಕೊಳ್ಳುವಂತಿಲ್ಲ. 2017ರಲ್ಲಿ ಕೇಂದ್ರದ ನಗರಾಭಿವೃದ್ಧಿ ಮಂತ್ರಾಲಯ ರಾಜ್ಯಗಳಿಗೆ ಒಂದು ನೀತಿ ಚೌಕಟ್ಟು ಕಳಿಸಿತು. ಸರ್ಕಾರ ರಸ್ತೆ, ಮೆಟ್ರೋ ಮಾಡಿದಾಗ ಅಕ್ಕಪಕ್ಕದ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲನ್ನು ಊರಿಗೆ ಹಿಡಿದಿಡುವುದು ಹೇಗೆ ಎಂಬ ಉಪಾಯಗಳ ಪಟ್ಟಿ ಅದರಲ್ಲಿದೆ. ಪಟ್ಟಿಯಲ್ಲಿ ಟಿಫ್ ಕೂಡ ಒಂದು.

ಉಪಾಯ ಕೆಟ್ಟದ್ದಲ್ಲ. ಹಾಳಾದ ಪೇಟೆಬೀದಿಗೆ ಯಾರಾದರೂ ಮೊದಲು ಕಾಸು ಹಾಕಲೇಬೇಕು. ಚಿಕಾಗೋ ನಾಲ್ಕು ದಶಕದಲ್ಲಿ ಕಲಿತ ಪಾಠ ಇಷ್ಟೇ: ಗೆರೆ ಎಳೆಯುವ ದಿನವೇ ಮೂರು ಪ್ರಶ್ನೆ ಕೇಳಬೇಕು. ಗೆರೆ ಇಲ್ಲದಿದ್ದರೂ ಈ ಬೀದಿ ಬೆಳೆಯುತ್ತಿರಲಿಲ್ಲವೇ? ಏರಿಕೆಯಲ್ಲಿ ಯಾರ ಪಾಲು ಹೆಪ್ಪುಗಟ್ಟುತ್ತಿದೆ, ಅವರು ಒಪ್ಪಿದ್ದಾರೆಯೇ? ಥೈಲಿಯ ಲೆಕ್ಕ ಕಂದಾಯದ ರಸೀದಿಯಲ್ಲಿ ಕಾಣುತ್ತದೆಯೇ?

ಮೂರಕ್ಕೂ ಸಭೆಯಲ್ಲಿ ಉತ್ತರ ಸಿಕ್ಕರೆ ಕುಲಾವಿ ಹೊಲಿಸಬಹುದು. ಉತ್ತರ ಸಿಗದಿದ್ದರೆ, ಅದು ಯಾರ ಮಗುವಿನ ಬಟ್ಟೆ ಕತ್ತರಿಸಿ ಹೊಲಿಸಿದ್ದು ಎಂದು ಕೇಳುವ ಹಕ್ಕು ಕಂದಾಯ ಕಟ್ಟುವ ಪ್ರತಿಯೊಬ್ಬನಿಗೂ ಇದೆ.